"ನಾನು ಬಿ.ಕಾಂ., ವಿಜ್ಞಾನ ಹೇಗೆ ಕಲಿಸಲಿ?"

ಮುಂಬಯಿ ಪಕ್ಕದ ಡೊಂಬಿವಲಿಯ ತಾಯಿಯೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಮನೆಯಲ್ಲೇ ಕಲಿಸೋಣ ಎಂದು ಹತ್ತು ವರ್ಷದ ಮಗನನ್ನು ಶಾಲೆ ಬಿಡಿಸಿ ಆರು ವಾರ ಆಗಿತ್ತು. ಫ್ರಿಜ್ಜಿನ ಬಾಗಿಲಿಗೆ ಟೈಂಟೇಬಲ್ ಅಂಟಿಸಿದ್ದರು. ಎಂಟಕ್ಕೆ ಗಣಿತ, ಒಂಬತ್ತಕ್ಕೆ ಇಂಗ್ಲಿಷ್, ಹತ್ತಕ್ಕೆ ವಿಜ್ಞಾನ. ಮೂರನೇ ದಿನಕ್ಕೇ ಹುಡುಗ ಮಂಚದ ಕೆಳಗೆ ಸೇರಿಕೊಂಡಿದ್ದ. ಸಾಲದ್ದಕ್ಕೆ ಊರಿಂದ ಅತ್ತೆಯ ಫೋನ್: "ಮಾಣಿ ಫೇಲಾದನಾ?"

ಮಕ್ಕಳ ಕಲಿಕೆಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಹೋಮ್‌ಸ್ಕೂಲಿಂಗ್ ಅಂತ ಬರುವ ತಂದೆತಾಯಿಗೆ ಮಗುವಿನ ಮೇಲೆ ಅನುಮಾನ ಕಡಿಮೆ, ತಮ್ಮ ಮೇಲೇ ಜಾಸ್ತಿ. ನಮ್ಮಲ್ಲಿ ಮನೆಪಾಠ ಅಂದರೆ ಟ್ಯೂಷನ್ ಅಲ್ವಾ? ಹಾಗಾಗಿ ತಾವು ಮೇಷ್ಟ್ರಾಗಬೇಕು ಅಂದುಕೊಳ್ಳುತ್ತಾರೆ. ಆಗಬೇಕಿಲ್ಲ.

ಆ ತಾಯಿಗೆ ಟೈಂಟೇಬಲ್ ತೆಗೆಯಲು ಹೇಳಿದೆ. ಒಂದು ತಿಂಗಳು ಏನೂ ಕಲಿಸಬೇಡಿ, ಮಗ ಕೇಳಿದ ಪ್ರಶ್ನೆಗಳನ್ನು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ ಎಂದೆ. ತಿಂಗಳು ಕಳೆದು ತಂದು ತೋರಿಸಿದರು. ಒಂದು ಪುಟದಲ್ಲಿ ಹೀಗಿತ್ತು: "ಹೆಪ್ಪು ಹಾಕೋಕೆ ಹಾಲು ಉಗುರು ಬೆಚ್ಚಗೇ ಯಾಕಿರಬೇಕು ಅಂದ. ಗೊತ್ತಿಲ್ಲ ಅಂದೆ." ಆಮೇಲೆ ಇಬ್ಬರೂ ಮೂರು ಲೋಟ ಇಟ್ಟಿದ್ದಾರೆ. ಫ್ರಿಜ್ಜಿನ ಹಾಲು, ಉಗುರು ಬೆಚ್ಚಗಿನದು, ಕುದಿ ಕುದಿ ಹಾಲು. ಒಂದೊಂದಕ್ಕೂ ಒಂದೇ ಚಮಚ ಮಜ್ಜಿಗೆ. ತಣ್ಣಗಿನದನ್ನು ಫ್ರಿಜ್ಜಿನಲ್ಲೇ ಇಟ್ಟರು. ಬೆಳಿಗ್ಗೆ ನೋಡಿದರೆ ನಡುವಿನ ಲೋಟ ಮಾತ್ರ ಗಟ್ಟಿ ಮೊಸರು. ಮೊಸರು ಮಾಡುವ ಬ್ಯಾಕ್ಟೀರಿಯಾ ಬಿಸಿಗೆ ಸಾಯುತ್ತವೆ, ಚಳಿಗೆ ಸುಮ್ನೆ ಕೂರುತ್ತವೆ ಎಂದು ಹುಡುಗನೇ ಓದಿ ತಿಳಿದುಕೊಂಡ. ಬಿ.ಕಾಂ. ಅಮ್ಮ ಕಲಿಸಿದ ವಿಜ್ಞಾನ ಅದು. "ಗೊತ್ತಿಲ್ಲ" ಎಂದು ಒಪ್ಪಿಕೊಂಡದ್ದೇ ಅವರು ಮಾಡಿದ ದೊಡ್ಡ ಕೆಲಸ.

ಸರ್ಟಿಫಿಕೇಟಿನ ಚಿಂತೆಗೆ ಉತ್ತರ ಸುಲಭ. ಕೇಂದ್ರ ಸರ್ಕಾರದ ಎನ್‌ಐಒಎಸ್, ಅಂದರೆ ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ಮುಕ್ತ ಶಾಲಾ ಸಂಸ್ಥೆ, 1989ರಿಂದ ಇದೆ. 14 ತುಂಬಿದರೆ ಹತ್ತನೇ ತರಗತಿಗೆ ಹೆಸರು ಕೊಡಬಹುದು. ಐದು ವಿಷಯ ಸಾಕು. ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರಲು ಅವಕಾಶ ಇದೆ. ಕನ್ನಡವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು ಅಂದಾಗ ಮುಂಬಯಿ ಕನ್ನಡಿಗರ ಮುಖ ಅರಳುತ್ತದೆ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಆ ಭಾಗ್ಯ ಇಲ್ಲ.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಶಿಕ್ಷೆ ಎಂದು ಅದರಲ್ಲಿ ಬರೆದಿಲ್ಲ. ಮುಂದೆ ಮನಸ್ಸು ಬದಲಾದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎಂದೂ ಅದೇ ಕಾಯ್ದೆಯಲ್ಲಿದೆ. ಹಾಗಾಗಿ ಶಾಲೆ ಬಿಡಿಸುವಾಗ ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ಪಡೆದು ಜೋಪಾನವಾಗಿಡಿ.

ಎಲ್ಲರಿಗೂ ಹೂಂ ಅನ್ನುವವಳಲ್ಲ ನಾನು. ಗಂಡ ಹೆಂಡತಿ ಇಬ್ಬರೂ ಬೆಳಗಿನ ಏಳರ ಲೋಕಲ್ ಹಿಡಿದು ರಾತ್ರಿ ಎಂಟೂವರೆಗೆ ಇಳಿಯುವ ಮನೆಗೆ ಬೇಡ ಎಂದೇ ಹೇಳುತ್ತೇನೆ. ಬೀಗ ಹಾಕಿದ ಫ್ಲಾಟಿನಲ್ಲಿ ಮೊಬೈಲ್ ಹಿಡಿದು ಕೂರುವ ಮಗುವಿಗೆ ಶಾಲೆಯೇ ಮೇಲು. ಜೊತೆಗಾರರ ಚಿಂತೆಯೂ ಸುಳ್ಳಲ್ಲ. ಡೊಂಬಿವಲಿಯ ಹುಡುಗ ಈಗ ದಿನಾ ಸಂಜೆ ಕಟ್ಟಡದ ಮಕ್ಕಳ ಜೊತೆ ಕ್ರಿಕೆಟ್ ಆಡುತ್ತಾನೆ, ಶನಿವಾರ ತಬಲಾ ಕ್ಲಾಸಿಗೆ ಹೋಗುತ್ತಾನೆ. ಅತ್ತೆಯ ಫೋನ್ ಇನ್ನೂ ಬರುತ್ತದೆ. ಹೋದ ವಾರ ಮೊಮ್ಮಗನೇ ಎತ್ತಿಕೊಂಡು, "ಅಜ್ಜಿ, ನಿಮ್ಮಲ್ಲಿ ಚಳಿಗಾಲದಲ್ಲಿ ಮೊಸರು ಎಷ್ಟು ಹೊತ್ತಿಗೆ ಹೆಪ್ಪಾಗುತ್ತೆ?" ಎಂದು ಕೇಳಿದನಂತೆ.