ಬಲಗಳಿಂದ ಆರಂಭಿಸಿದರೆ ಸಮಸ್ಯೆ ಮುಚ್ಚಿಟ್ಟಂತಾಗುವುದಿಲ್ಲವೇ?

ಓದುಗರ ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರು ಕೂಡಿದಾಗಲೆಲ್ಲ ಕೊರತೆಗಳದ್ದೇ ಮಾತು. ಯುವಕರು ಬರುತ್ತಿಲ್ಲ, ಹೊಸಬರು ನಿಲ್ಲುತ್ತಿಲ್ಲ, ಸಂಡೇ ಸ್ಕೂಲಿಗೆ ಕಲಿಸುವವರಿಲ್ಲ. ಇರುವ ಬಲಗಳಿಂದ ಆರಂಭಿಸಿ ನೋಡಿ ಎಂದು ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಕಣ್ಣೆದುರಿಗಿರುವ ಸಮಸ್ಯೆಗಳನ್ನು ಮುಚ್ಚಿಟ್ಟಂತಾಗುವುದಿಲ್ಲವೇ?

ಉತ್ತರ: ಮುಚ್ಚಿಡುವುದಕ್ಕೆಂದೇ ಈ ಮಾತನ್ನು ಬಳಸುವವರೂ ಇದ್ದಾರೆ. ಹಾಗಾಗಿ ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಪ್ರಾಮಾಣಿಕವಾಗಿ ಮಾಡಿದರೆ ಬಲಗಳನ್ನು ಹುಡುಕುವ ಕೆಲಸವೇ ಸಮಸ್ಯೆಯ ಬೇರನ್ನೂ ತೋರಿಸುತ್ತದೆ. ಇದು ನನಗೆ ಮನದಟ್ಟಾದದ್ದು ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಅಪೊಸ್ತಲ ಪೌಲನು ಬರೆದ, ಬೈಬಲ್ಲಿನಲ್ಲಿರುವ ಮೊದಲನೆಯ ಪತ್ರವನ್ನು ನಿಧಾನವಾಗಿ ಓದಿದಾಗ.

ಕ್ರಿ.ಶ. 50ರ ದಶಕದ ಮಧ್ಯಭಾಗದಲ್ಲಿ ಆ ಸಭೆಯ ಪರಿಸ್ಥಿತಿ ಹೇಗಿತ್ತು ನೋಡಿ. ನಾನು ಪೌಲನವನು, ನಾನು (ಇನ್ನೊಬ್ಬ ಬೋಧಕ) ಅಪೊಲ್ಲೋಸನವನು ಎಂದು ಜನ ಗುಂಪು ಕಟ್ಟಿಕೊಂಡಿದ್ದರು. ಸಹೋದರರು ಒಬ್ಬರ ಮೇಲೊಬ್ಬರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಯೇಸುವಿನ ನೆನಪಿಗೆ ಹಂಚಿ ಉಣ್ಣುವ ಕರ್ತನ ಭೋಜನಕ್ಕೆ ಕೂತಾಗ ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಇಂಥ ಸಭೆಗೆ ಬರೆಯುವಾಗ ಪೌಲನು ಮೊದಲು ಮಾಡುವುದು ಸ್ತೋತ್ರ, ಅಂದರೆ ಅವರಿಗಾಗಿ ದೇವರಿಗೆ ಕೃತಜ್ಞತೆ. ಮಾತಿನಲ್ಲಿಯೂ ಜ್ಞಾನದಲ್ಲಿಯೂ ನೀವು ಐಶ್ವರ್ಯವಂತರು, ಯಾವ ವರದಲ್ಲಿಯೂ ನಿಮಗೆ ಕೊರತೆಯಿಲ್ಲ ಎನ್ನುತ್ತಾನೆ. ಅಲ್ಲಿಂದ ನಾಲ್ಕು ವಚನ ದಾಟುವಷ್ಟರಲ್ಲಿ ಜಗಳದ ವಿಷಯಕ್ಕೆ ಬರುತ್ತಾನೆ. ಆ ಸುದ್ದಿ ತಂದವರು ಖ್ಲೊಯೆ ಎಂಬಾಕೆಯ ಮನೆಯವರು ಎಂಬುದನ್ನೂ ಬಚ್ಚಿಡುವುದಿಲ್ಲ.

ಇಷ್ಟನ್ನೇ ಓದಿದರೆ, ಕಹಿ ಔಷಧಿಗೆ ಮುಂಚೆ ಒಂದು ಚೂರು ಬೆಲ್ಲ ಕೊಟ್ಟ ಹಾಗೆ ಕಾಣಬಹುದು. ಆದರೆ ಅವನು ಹೊಗಳಿದ್ದು ಯಾವುದನ್ನು ಎಂಬುದು ಮುಖ್ಯ. ಮಾತು ಮತ್ತು ಜ್ಞಾನ. ಎಂಟನೆಯ ಅಧ್ಯಾಯದಲ್ಲಿ, ಪ್ರೀತಿಯಿಲ್ಲದ ಜ್ಞಾನ ಉಬ್ಬಿಸುತ್ತದೆ ಎಂದು ಎಚ್ಚರಿಸುವುದು ಅದೇ ಜ್ಞಾನದ ಬಗ್ಗೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಕ್ರಮಕ್ಕೆ ತರಲು ಯತ್ನಿಸುವುದು ಅದೇ ಮಾತಿನ ವರಗಳನ್ನು. ಅಂದರೆ ಕೊರಿಂಥದವರ ಬಲ ಎಲ್ಲಿತ್ತೋ ಅವರ ತೊಂದರೆಯೂ ಅಲ್ಲೇ ಇತ್ತು. ದೇವರು ಕೊಟ್ಟ ವರವೇ ದಾರಿ ತಪ್ಪಿ ಗಾಯ ಮಾಡುತ್ತಿತ್ತು. ವರವನ್ನು ಗುರುತಿಸದೆ ಬರೀ ಗಾಯವನ್ನು ನೋಡಿದ್ದರೆ, ಮಾತಾಡುವವರ ಬಾಯಿ ಮುಚ್ಚಿಸುವುದೇ ಪರಿಹಾರ ಅನ್ನಿಸುತ್ತಿತ್ತು. ಆದರೆ ಅನ್ಯಭಾಷೆಯಾಡುವುದಕ್ಕೆ (ಆರಾಧನೆಯಲ್ಲಿ ಆತ್ಮಪ್ರೇರಣೆಯಿಂದ ಅರಿಯದ ಭಾಷೆಯಲ್ಲಿ ಮಾತಾಡುವುದಕ್ಕೆ) ಅಡ್ಡಿ ಮಾಡಬೇಡಿರಿ ಎಂದೇ ಪೌಲನು ಆ ಅಧ್ಯಾಯದ ಕೊನೆಯಲ್ಲಿ ಹೇಳುತ್ತಾನೆ.

ಇದನ್ನು ನಿಮ್ಮ ಪಟ್ಟಿಗೆ ಅನ್ವಯಿಸಿ ನೋಡೋಣ. "ಹೊಸಬರು ನಿಲ್ಲುತ್ತಿಲ್ಲ" ಎಂದಷ್ಟೇ ಬರೆದುಕೊಂಡರೆ, ಬಾಗಿಲಲ್ಲಿ ಇಬ್ಬರನ್ನು ನಿಲ್ಲಿಸಿ ಸ್ವಾಗತ ಹೇಳಿಸುತ್ತೀರಿ. ಆದರೆ ನಿಮ್ಮ ಸಭೆಯವರು ಇಪ್ಪತ್ತು ಮೂವತ್ತು ವರ್ಷಗಳಿಂದ ಒಂದೇ ಕುಟುಂಬದಂತೆ ಇರುವವರು ಎಂದುಕೊಳ್ಳಿ. ಒಬ್ಬರ ಮನೆಯಲ್ಲಿ ಸಾವಾದರೆ ಎಲ್ಲರೂ ಓಡುತ್ತಾರೆ, ಯಾರ ಮಗು ಯಾವ ತರಗತಿ ಎಂಬುದು ಎಲ್ಲರಿಗೂ ಗೊತ್ತು. ಅದು ದೊಡ್ಡ ಬಲ. ಹೊಸಬರು ಪರಕೀಯರಂತೆ ನಿಲ್ಲುವುದಕ್ಕೆ ಕಾರಣವೂ ಅದೇ ಆಗಿರಬಹುದು: ಆರಾಧನೆ ಮುಗಿದ ಕೂಡಲೇ ಹಳಬರೆಲ್ಲ ತಮ್ಮ ತಮ್ಮವರತ್ತ ತಿರುಗುತ್ತಾರೆ. ಹೀಗೆ ಕಂಡಾಗ ಪ್ರಶ್ನೆ ಬದಲಾಗುತ್ತದೆ. ಈ ಆತ್ಮೀಯತೆಯೊಳಗೆ ಹೊಸ ಕುಟುಂಬವೊಂದು ಬರುವ ದಾರಿ ಯಾವುದು, ಯಾರ ಮನೆಯ ಊಟದ ಮೇಜಿನಿಂದ ಅದು ಶುರುವಾಗಬೇಕು? ಬಾಗಿಲ ಬಳಿಯ ಸ್ವಾಗತದಿಂದ ಆಗದ ಕೆಲಸ ಇದರಿಂದ ಆಗಬಹುದು.

ಈ ದೃಷ್ಟಿಗೆ ಸಭೆಯ ಹೊರಗಿನ ಇತಿಹಾಸವೂ ಇದೆ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಡೇವಿಡ್ ಕೂಪರ್‌ರೈಡರ್, 1980ರಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಅಧ್ಯಯನ ಮಾಡುವಾಗ ಅಲ್ಲಿನ ತೊಡಕುಗಳಿಗಿಂತ ಜನರ ಸಹಕಾರ ಅವರ ಗಮನ ಸೆಳೆಯಿತು. 1987ರಲ್ಲಿ ಅವರೂ ಅವರ ಗುರು ಸುರೇಶ್ ಶ್ರೀವಾಸ್ತವ ಅವರೂ ಬರೆದ ಪ್ರಬಂಧದಿಂದ 'ಅಪ್ರಿಶಿಯೇಟಿವ್ ಎನ್‌ಕ್ವೈರಿ' ಎಂಬ ವಿಧಾನ, ಅಂದರೆ ಚೆನ್ನಾಗಿ ನಡೆಯುತ್ತಿರುವುದನ್ನು ಕೇಳಿ ತಿಳಿದು ಅಲ್ಲಿಂದ ಕಟ್ಟುವ ಕ್ರಮ, ಹರಡಿತು. 1993ರಲ್ಲಿ ಜಾನ್ ಕ್ರೆಟ್ಸ್‌ಮನ್ ಮತ್ತು ಜಾನ್ ಮ್ಯಾಕ್‌ನೈಟ್, ಬಡ ವಠಾರಗಳನ್ನು ಅವುಗಳ ಕೊರತೆಗಳಿಂದಲ್ಲದೆ ಅಲ್ಲಿನ ಜನರ ಕೌಶಲ ಮತ್ತು ಸಂಘಗಳಿಂದ ಕಟ್ಟಬೇಕು ಎಂದು ವಾದಿಸಿದರು. ಸಭೆಗಳಲ್ಲಿ ಇಂದು ನಡೆಯುವ ಇಂಥ ಪ್ರಯತ್ನಗಳಲ್ಲಿ ಬಹಳಷ್ಟು ಈ ಎರಡರಿಂದ ಕಲಿತವು. ಹೆಸರುಗಳು ಹೊಸವು, ಆದರೆ ಉರಿಯುವ ಪೊದೆಯ ಎದುರು ಮೋಶೆ ಹಿಂಜರಿದಾಗ ದೇವರು ಕೇಳಿದ್ದು ನಿನ್ನ ಕೈಯಲ್ಲಿ ಏನಿದೆ ಎಂದೇ. ಸಾಲ ಕೊಟ್ಟವನಿಗೆ ಹೆದರಿ ಬಂದ ವಿಧವೆಗೆ ಪ್ರವಾದಿ ಎಲೀಷನು ಕೇಳಿದ್ದೂ ಮನೆಯಲ್ಲಿ ಏನಿದೆ ಎಂದೇ.

ಮಾಡುವುದು ಹೇಗೆ? ಇಬ್ಬಿಬ್ಬರನ್ನು ಎದುರುಬದುರಾಗಿ ಕೂರಿಸಿ. ಆದಷ್ಟು ಒಬ್ಬ ಹಿರಿಯರು, ಒಬ್ಬ ಕಿರಿಯರು ಇರಲಿ. "ನಮ್ಮ ಸಭೆಯ ಬಲಗಳೇನು" ಎಂದು ಕೇಳಬೇಡಿ. ಹಾಗೆ ಕೇಳಿದರೆ ಪ್ರೀತಿ, ಒಗ್ಗಟ್ಟು, ಪ್ರಾರ್ಥನೆ ಎಂಬ ಸಿದ್ಧ ಉತ್ತರಗಳು ಬರುತ್ತವೆ. ಒಂದು ಘಟನೆ ಕೇಳಿ. ಈ ಸಭೆಯಲ್ಲಿ ದೇವರು ನಿಮಗೆ ತೀರ ಹತ್ತಿರವಿದ್ದಾನೆ ಅನ್ನಿಸಿದ ದಿನ ಯಾವುದು? ಆಗ ಏನು ನಡೆಯುತ್ತಿತ್ತು, ಯಾರು ಇದ್ದರು, ಅದು ಸಾಧ್ಯವಾದದ್ದು ಹೇಗೆ? ಘಟನೆಯಲ್ಲಿ ದಿನ, ಮನುಷ್ಯರು, ಜಾಗ ಎಲ್ಲ ಇರುತ್ತವೆ, ಆದ್ದರಿಂದ ಅದರಿಂದ ಕಲಿಯಬಹುದು. ಮೂವತ್ತು ಜನರ ಘಟನೆಗಳನ್ನು ಬರೆದಿಟ್ಟು ಓದಿದರೆ ಹಿರಿಯರ ಕೂಟ ಎಂದೂ ಚರ್ಚಿಸದ ಸಂಗತಿಗಳು ಮತ್ತೆ ಮತ್ತೆ ಬರುವುದು ಕಾಣುತ್ತದೆ. ಎಷ್ಟೋ ಸಲ ಅದು ಭಾನುವಾರದ ಉಪದೇಶವಾಗಿರುವುದಿಲ್ಲ, ಆಸ್ಪತ್ರೆಯ ಹಾಸಿಗೆ ಪಕ್ಕ ಯಾರೋ ರಾತ್ರಿಯಿಡೀ ಕೂತದ್ದಾಗಿರುತ್ತದೆ. (ವರಗಳನ್ನು ಕಂಡುಹಿಡಿಯುವ ಪ್ರಶ್ನಾವಳಿಗಳೂ ಇವೆ. ಅವು ನಮ್ಮ ಬಗ್ಗೆ ನಾವೇ ಅಂದುಕೊಂಡದ್ದನ್ನು ಹೇಳುತ್ತವೆ. ನಾನು ಇತರರ ಸಾಕ್ಷಿಯನ್ನೇ ಹೆಚ್ಚು ನಂಬುತ್ತೇನೆ.)

ದೂರುಗಳೂ ಬರುತ್ತವೆ. ಅವುಗಳನ್ನು ತಡೆಯಬೇಡಿ. ಮೊದಲ ಸಭೆಯ ಕಥೆ ಹೇಳುವ ಬೈಬಲ್ಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಆರಂಭವಾಗುವುದೇ ಗುಣುಗುಟ್ಟುವಿಕೆಯಿಂದ: ಗ್ರೀಕ್ ಮಾತಾಡುವ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗಿತ್ತು. ಸಭೆಯನ್ನು ನಡೆಸುತ್ತಿದ್ದ ಅಪೊಸ್ತಲರು ಎಲ್ಲರನ್ನೂ ಕರೆದು ವಿಷಯವನ್ನು ಮುಂದಿಟ್ಟರು, ನಿಮ್ಮೊಳಗಿಂದಲೇ ಏಳು ಮಂದಿಯನ್ನು ಆರಿಸಿ ಎಂದರು. ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ನೊಂದವರ ಕಡೆಯವರ ಕೈಗೇ ಹಂಚಿಕೆ ಹೋಯಿತು ಎಂದು ಹಲವರು ಇದನ್ನು ಓದುತ್ತಾರೆ, ನಾನೂ ಹಾಗೆಯೇ ಓದುತ್ತೇನೆ. ದೂರು ಇದ್ದಲ್ಲೇ ಅದನ್ನು ಸರಿಪಡಿಸಬಲ್ಲವರೂ ಇದ್ದರು.

ಇನ್ನು ಮಿತಿಯ ಮಾತು. ಗಲಾತ್ಯ ಪ್ರಾಂತದ ಸಭೆಗಳವರಿಗೆ ಬರೆಯುವಾಗ ಪೌಲನು ಸ್ತೋತ್ರವನ್ನೇ ಬಿಟ್ಟು, ವಂದನೆಯಾದ ಕೂಡಲೇ "ನನಗೆ ಆಶ್ಚರ್ಯವಾಗುತ್ತದೆ" ಎಂದು ನೇರವಾಗಿ ವಿಷಯಕ್ಕೆ ಬರುತ್ತಾನೆ. ಸುವಾರ್ತೆಯೇ ಕೈತಪ್ಪುತ್ತಿದ್ದಾಗ ಅವನು ಕಾಯಲಿಲ್ಲ. ಹಾಗೆಯೇ ಸಭೆಯಲ್ಲಿ ಮಗುವಿಗೆ ಅಪಾಯವಾಗಿದ್ದರೆ, ಕಾಣಿಕೆ ಹಣ ದುರುಪಯೋಗವಾಗಿದ್ದರೆ, ಅಧಿಕಾರದಲ್ಲಿರುವವರು ಯಾರನ್ನಾದರೂ ಹಿಂಸಿಸಿದ್ದರೆ, ಅಲ್ಲಿ ಬಲಗಳ ಮಾತು ತರಬೇಡಿ. ಮೊದಲು ನೊಂದವರ ಸುರಕ್ಷತೆ, ಆಮೇಲೆ ಕಾನೂನಿನ ಪ್ರಕಾರ ಆಗಬೇಕಾದದ್ದು. ಅಂಥ ಹೊತ್ತಿನಲ್ಲಿ "ಒಳ್ಳೆಯದನ್ನೇ ನೋಡೋಣ" ಎನ್ನುವುದು ಪಾಪ ಎಂದೇ ನಾನು ನಂಬುತ್ತೇನೆ.

ಇನ್ನೊಂದು ಅಪಾಯ ಮೆಲ್ಲಗೆ ಬರುತ್ತದೆ. ಬಲ ಎಂದಕೂಡಲೇ ಕಣ್ಣು ಹೋಗುವುದು ಚೆನ್ನಾಗಿ ಹಾಡುವವರ, ಮಾತಾಡುವವರ, ಲೆಕ್ಕ ಬಲ್ಲವರ ಕಡೆಗೆ. ಅವರು ಆಗಲೇ ಮೂರು ಜವಾಬ್ದಾರಿ ಹೊತ್ತಿರುತ್ತಾರೆ, ನಾಲ್ಕನೆಯದೂ ಅವರ ಹೆಗಲಿಗೇ ಬೀಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ, ನೀನೂ ಬಳಲುವಿ, ಜನರೂ ಬಳಲುವರು ಎಂದು ಮಾವ ಇತ್ರೋ ಹೇಳಬೇಕಾಯಿತು. ಪೌಲನಾದರೋ ದೇಹದ ಹೋಲಿಕೆಯಲ್ಲಿ, ಬಲಹೀನವಾಗಿ ತೋರುವ ಅಂಗಗಳೇ ಅಗತ್ಯವಾದವು ಎನ್ನುತ್ತಾನೆ. ಆದ್ದರಿಂದ ಘಟನೆ ಕೇಳುವ ಕೆಲಸ ಹಿರಿಯರ ಕೂಟದಿಂದ ಶುರುವಾಗದಿರಲಿ. ಆಶೀರ್ವಚನವಾದ ಕೂಡಲೇ ಹಿಂದಿನ ಸಾಲಿನಿಂದ ಎದ್ದು ಹೊರಟುಬಿಡುವ ಒಬ್ಬರು ನಿಮ್ಮಲ್ಲೂ ಇರುತ್ತಾರೆ. ಮುಂದಿನ ಭಾನುವಾರ ಅವರ ಪಕ್ಕದಲ್ಲಿ ಕೂತು, ಇಷ್ಟು ವರ್ಷ ನೀವು ಇಲ್ಲಿಗೆ ಬರುತ್ತಲೇ ಇರುವುದು ಯಾಕೆ ಎಂದು ಮೊದಲು ಅವರನ್ನು ಕೇಳಿ.