ಎಕರೆಯ ಲೆಕ್ಕ, ಆಳಿನ ಲೆಕ್ಕ

ಹಳೆಯ ಕಂದಾಯ ಆಡಳಿತದಲ್ಲಿ ಬೆಳೆಯನ್ನೂ ರೂಪಾಯಿಯಂತೆ ಆಣೆಗಳಲ್ಲಿ ಎಣಿಸುತ್ತಿದ್ದರು. ಮಳೆ ಹದವಾಗಿ ಬಂದು ಪೈರು ತುಂಬಿ ನಿಂತ ವರ್ಷ ಹದಿನಾರಾಣೆ ಬೆಳೆ. ಅರ್ಧ ಕೈಕೊಟ್ಟರೆ ಎಂಟಾಣೆ. ಇನ್ನೂ ಕೆಳಗಿಳಿದರೆ ಕಂದಾಯ ವಸೂಲಿಯನ್ನು ಮುಂದೂಡುವ ಮಾತು. ಈ ಆಣೆವಾರಿಯನ್ನು ಬರೆದುಕೊಡುತ್ತಿದ್ದವನು ಊರಿನ ಶಾನುಭೋಗ ಅಥವಾ ಕುಲಕರ್ಣಿ, ಅವನ ಸಾಧನ ಕಣ್ಣಂದಾಜು. ಬಿತ್ತಿದ ಪ್ರದೇಶವನ್ನು ಎಕರೆಗೆ ಇಷ್ಟೆಂದು ಮೊದಲೇ ಗೊತ್ತುಮಾಡಿದ ಇಳುವರಿಯಿಂದ ಗುಣಿಸಿ, ಬಂದದ್ದನ್ನು ಆಣೆಗೆ ತಕ್ಕಂತೆ ತಗ್ಗಿಸಿದರೆ ತಾಲ್ಲೂಕಿನ ಉತ್ಪಾದನೆ ಸಿಗುತ್ತಿತ್ತು. ತಾಲ್ಲೂಕುಗಳನ್ನು ಕೂಡಿಸಿದರೆ ಪ್ರಾಂತ್ಯದ್ದು, ಪ್ರಾಂತ್ಯಗಳನ್ನು ಕೂಡಿಸಿದರೆ ದೇಶದ್ದು. ಭಾರತದ ಕೃಷಿ ಎಷ್ಟು ಉತ್ಪಾದಿಸುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ಸಿಕ್ಕ ಉತ್ತರವೆಲ್ಲ ಹೀಗೆ ಹೊಲದ ಬದುವಿನ ಮೇಲೆ ನಿಂತು ನೋಡಿದ ಕಣ್ಣುಗಳಿಂದ ಬಂದದ್ದು. ಹೆಚ್ಚು ಬರೆದರೆ ಕಂದಾಯದ ಹೊರೆ, ಕಡಿಮೆ ಬರೆದರೆ ರಿಯಾಯಿತಿ ಎಂಬ ಪರಿಸ್ಥಿತಿಯಲ್ಲಿ ಆ ಕಣ್ಣುಗಳು ಸ್ವಲ್ಪ ಕಡಿಮೆಯೇ ಕಾಣುತ್ತಿದ್ದವು ಎಂಬುದು ಅಂಕಿಅಂಶ ತಜ್ಞರ ಹಳೆಯ ದೂರು.

ಆ ಅಂದಾಜುಗಳನ್ನು ರಾಜಕೀಯ ಪ್ರಶ್ನೆಯನ್ನಾಗಿ ಮಾಡಿದವರು ದಾದಾಭಾಯಿ ನವರೋಜಿ. 1870ರ ದಶಕದಲ್ಲಿ ಅವರು ಪ್ರಾಂತ್ಯವಾರು ಬಿತ್ತನೆ ಪ್ರದೇಶ, ಇಳುವರಿ ಮತ್ತು ಬೆಲೆಗಳನ್ನು ಗುಣಿಸಿ, ಬ್ರಿಟಿಷ್ ಭಾರತದಲ್ಲಿ ಒಬ್ಬ ಮನುಷ್ಯನ ಪಾಲಿಗೆ ಬರುವ ವಾರ್ಷಿಕ ಉತ್ಪನ್ನ ಸುಮಾರು 20 ರೂಪಾಯಿ ಎಂದು ತೋರಿಸಿದರು. ಜೈಲಿನಲ್ಲಿರುವ ಕೈದಿಯ ಊಟ ಬಟ್ಟೆಗೆ ಸರ್ಕಾರವೇ ಮಾಡುವ ಖರ್ಚಿನ ಪಕ್ಕದಲ್ಲಿ ಆ ಅಂಕಿಯನ್ನು ಇಟ್ಟರು. ಗಮನಿಸಬೇಕಾದದ್ದು, ನವರೋಜಿಯವರ ಲೆಕ್ಕದಲ್ಲಿ ಭಾಜಕವಾಗಿ ಬಂದದ್ದು ಮನುಷ್ಯ, ಎಕರೆಯಲ್ಲ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಕೃಷಿ ಚರ್ಚೆ ಈ ಭಾಜಕವನ್ನು ನಿಧಾನವಾಗಿ ಕೈಬಿಟ್ಟು ಎಕರೆಯತ್ತ ವಾಲಿತು. ಅದಕ್ಕೆ ಕಾರಣಗಳಿದ್ದವು, ಒಳ್ಳೆಯ ಕಾರಣಗಳೇ ಇದ್ದವು. ಆದರೆ ಇಂದು ಕೃಷಿಯ ಬಗ್ಗೆ ನಡೆಯುವ ಅರ್ಧಕ್ಕರ್ಧ ವಾಗ್ವಾದಗಳು ಯಾವುದರಿಂದ ಭಾಗಿಸಬೇಕು ಎಂಬ ಗೊಂದಲದಿಂದಲೇ ಹುಟ್ಟುತ್ತಿವೆ ಎಂದು ನನಗೆ ತೋರುತ್ತದೆ.

ವಸಾಹತು ಕಾಲದ ಕೊನೆಯ ಅರ್ಧ ಶತಮಾನದ ಚಿತ್ರವನ್ನು ಮುಂದೆ ಅರ್ಥಶಾಸ್ತ್ರಜ್ಞ ಜಾರ್ಜ್ ಬ್ಲಿನ್ ಕೂಡಿಸಿಕೊಟ್ಟರು. 1891ರಿಂದ 1947ರವರೆಗೆ ಬ್ರಿಟಿಷ್ ಭಾರತದ ಆಹಾರಧಾನ್ಯ ಉತ್ಪಾದನೆ ವರ್ಷಕ್ಕೆ ಸರಾಸರಿ ಶೇ 0.11ರಷ್ಟು ಮಾತ್ರ ಬೆಳೆಯಿತು, ಜನಸಂಖ್ಯೆ ಶೇ 0.67ರಂತೆ ಬೆಳೆಯಿತು. ಹತ್ತಿ, ಕಬ್ಬು, ಸೆಣಬಿನಂತಹ ವಾಣಿಜ್ಯ ಬೆಳೆಗಳು ಮುಂದೆ ಹೋದವು, ತಟ್ಟೆಯ ಅನ್ನ ಹಿಂದೆ ಬಿತ್ತು. ಲಾರ್ಡ್ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಆಯೋಗ 1928ರಲ್ಲಿ ವರದಿ ಕೊಟ್ಟು, ಮರುವರ್ಷ ಕೃಷಿ ಸಂಶೋಧನಾ ಮಂಡಳಿ ಹುಟ್ಟಿದರೂ ಗದ್ದೆಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ, ಆ ವರ್ಷ ನಿಜವಾಗಿ ಎಷ್ಟು ಭತ್ತ ಬೆಳೆದಿತ್ತು ಎಂಬುದರ ಬಗ್ಗೆಯೇ ಒಮ್ಮತವಿರಲಿಲ್ಲ.

ಅಳತೆಯನ್ನು ಸರಿಪಡಿಸುವ ಕೆಲಸ ಆ ಹೊತ್ತಿಗಾಗಲೇ ಬಂಗಾಳದಲ್ಲಿಯೇ ಶುರುವಾಗಿತ್ತು. ಅಂಕಿಅಂಶ ತಜ್ಞ ಪಿ.ಸಿ. ಮಹಾಲನೋಬಿಸ್ ಸೆಣಬಿನ ಬೆಳೆಗೆ ಮಾದರಿ ಸಮೀಕ್ಷೆಯನ್ನು ಅಳವಡಿಸಿ, ಎಲ್ಲ ಹೊಲಗಳನ್ನೂ ನೋಡದೆ ಅಲ್ಲಲ್ಲಿ ಯಾದೃಚ್ಛಿಕವಾಗಿ ಆರಿಸಿದ ತುಣುಕುಗಳನ್ನು ಕೊಯ್ದು ತೂಗಿದರೆ ಸಾಕೆಂದು ತೋರಿಸಿದರು. ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದ ಪಿ.ವಿ. ಸುಖಾತ್ಮೆ ಕೊಯ್ದು ತೂಗುವುದನ್ನು ಒಪ್ಪಿದರು, ತುಣುಕಿನ ಗಾತ್ರವನ್ನು ಒಪ್ಪಲಿಲ್ಲ: ತೀರ ಸಣ್ಣ ತುಣುಕಾದರೆ ಅಂಚಿನಲ್ಲಿ ನಿಂತ ಗಿಡವನ್ನು ಒಳಗೆ ಸೇರಿಸಿಕೊಳ್ಳುವ ಆಸೆ ಕೊಯ್ಯುವವನಿಗೆ ಸಹಜ, ಹಾಗಾಗಿ ಇಳುವರಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದು ಅವರ ವಾದ. ದಾರದಿಂದ ಗಡಿ ಹಾಕಿದ ಚೌಕದ ಅಂಚಿನ ನಾಲ್ಕು ಪೈರುಗಳ ಬಗ್ಗೆ ಇಬ್ಬರು ಘಟಾನುಘಟಿಗಳು ವರ್ಷಗಟ್ಟಲೆ ವಾದಿಸಿದ್ದು ಈಗ ತಮಾಷೆಯಾಗಿ ಕಾಣಬಹುದು. ಆದರೆ ದೇಶದ ಲೆಕ್ಕಕ್ಕೆ ಏರಿಸಿದಾಗ ಆ ನಾಲ್ಕು ಪೈರು ಲಕ್ಷಾಂತರ ಟನ್ ಆಗುತ್ತದೆ. ಕೊನೆಗೆ ಸರ್ಕಾರ ಸುಖಾತ್ಮೆಯವರ ದೊಡ್ಡ ಚೌಕವನ್ನೇ ಆರಿಸಿಕೊಂಡಿತು. ಇಂದಿಗೂ ನಮ್ಮಲ್ಲಿ ಬೆಳೆ ಕಟಾವು ಪ್ರಯೋಗವೆಂದರೆ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಇತ್ತ ಬೆಳೆಯ ತೂಕವನ್ನು ರಾಷ್ಟ್ರೀಯ ಆದಾಯವನ್ನಾಗಿ ಬದಲಿಸುವ ಕೆಲಸಕ್ಕೆ 1949ರಲ್ಲಿ ಸಮಿತಿಯೊಂದು ನೇಮಕವಾಯಿತು; ಅಧ್ಯಕ್ಷರು ಮಹಾಲನೋಬಿಸ್, ಸದಸ್ಯರು ಅರ್ಥಶಾಸ್ತ್ರಜ್ಞರಾದ ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರು ಇದೇ ರಾವ್.

ಆ ಲೆಕ್ಕಗಳು ತೋರಿಸಿದ ಸ್ವತಂತ್ರ ಭಾರತದಲ್ಲಿ ದೇಶದ ಉತ್ಪನ್ನದ ಸುಮಾರು ಅರ್ಧ ಕೃಷಿಯಿಂದ ಬರುತ್ತಿತ್ತು, ದುಡಿಯುವವರಲ್ಲಿ ಸುಮಾರು ಶೇ 70 ಜನ ಅದರಲ್ಲಿದ್ದರು. 1950-51ರಲ್ಲಿ ಆಹಾರಧಾನ್ಯ ಉತ್ಪಾದನೆ 5.08 ಕೋಟಿ ಟನ್. ಹೆಕ್ಟೇರಿಗೆ ಅಕ್ಕಿ 668 ಕಿಲೊ, ಗೋಧಿ 663 ಕಿಲೊ, ಬೇಳೆಕಾಳು 441 ಕಿಲೊ. ಮೊದಲ ಎರಡು ದಶಕ ಹೊಸ ನೆಲವನ್ನು ಉಳುಮೆಗೆ ತಂದು ಉತ್ಪಾದನೆ ಹೆಚ್ಚಿಸಲಾಯಿತು. 1950-51ರಲ್ಲಿ ಸುಮಾರು 11.9 ಕೋಟಿ ಹೆಕ್ಟೇರ್ ಇದ್ದ ನಿವ್ವಳ ಬಿತ್ತನೆ ಪ್ರದೇಶ 1970ರ ಹೊತ್ತಿಗೆ 14 ಕೋಟಿಗೆ ಬಂದು ಅಲ್ಲಿಯೇ ನಿಂತಿತು. ಅಲ್ಲಿಂದ ಈಚೆಗೆ ಬೆಳೆದದ್ದೆಲ್ಲ ಅದೇ ನೆಲದಲ್ಲಿ ಹೆಚ್ಚು ತೆಗೆದದ್ದು, ಅಥವಾ ಒಂದು ಬೆಳೆ ಬರುತ್ತಿದ್ದಲ್ಲಿ ಎರಡು ತೆಗೆದದ್ದು.

ಹಾಗೆ ತೆಗೆಯಲೇಬೇಕಾದ ಅನಿವಾರ್ಯ 1965-66ರ ಬರದಲ್ಲಿ ಎದುರಾಯಿತು. ಒಂದೇ ವರ್ಷದಲ್ಲಿ ಧಾನ್ಯೋತ್ಪಾದನೆ 8.9 ಕೋಟಿ ಟನ್‌ನಿಂದ 7.2 ಕೋಟಿಗೆ ಕುಸಿದು, 1966ರಲ್ಲಿ ಆಮದು ಒಂದು ಕೋಟಿ ಟನ್ ದಾಟಿತು. ಅದರಲ್ಲಿ ಬಹುಪಾಲು ಪಿಎಲ್-480 ಎಂಬ ಆಹಾರ ನೆರವಿನ ಕಾನೂನಿನಡಿ ಬಂದ ಅಮೆರಿಕದ ಗೋಧಿ. ಆಹಾರ ಸಚಿವ ಸಿ. ಸುಬ್ರಮಣಿಯಂ ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿದರು. ಅಮೆರಿಕದ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ರೂಪಿಸಿದ, ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ಇಲ್ಲಿ ಪರೀಕ್ಷಿಸಿದ ಆ ತಳಿಗಳ ಗುಟ್ಟು ಅವುಗಳ ಗಿಡ್ಡತನದಲ್ಲಿತ್ತು. ಎತ್ತರದ ನಾಟಿ ಗೋಧಿಗೆ ಹೆಚ್ಚು ಗೊಬ್ಬರ ಕೊಟ್ಟರೆ ತೆನೆ ತೂಗಿ ದಂಟು ಒರಗುತ್ತದೆ, ಬೆಳೆ ನೆಲಕ್ಕೆ ಮಲಗುತ್ತದೆ. ಗಿಡ್ಡ ದಂಟು ಆ ಭಾರವನ್ನು ಹೊರುತ್ತದೆ. ಅಂದರೆ ಬೀಜ ತಾನಾಗಿ ಇಳುವರಿ ಕೊಡಲಿಲ್ಲ, ಗೊಬ್ಬರ ಮತ್ತು ನೀರನ್ನು ಇಳುವರಿಯಾಗಿ ಬದಲಿಸುವ ಶಕ್ತಿಯನ್ನು ಕೊಟ್ಟಿತು. 1965ರಲ್ಲಿಯೇ ಸ್ಥಾಪನೆಯಾಗಿದ್ದ ಕೃಷಿ ಬೆಲೆ ಆಯೋಗ ಮತ್ತು ಭಾರತೀಯ ಆಹಾರ ನಿಗಮ, ಬೆಳೆದದ್ದನ್ನು ಗೊತ್ತಾದ ಬೆಲೆಗೆ ಕೊಳ್ಳುವ ಭರವಸೆ ಕೊಟ್ಟವು. 1965-66ರಲ್ಲಿ 1.04 ಕೋಟಿ ಟನ್ ಇದ್ದ ಗೋಧಿ 1970-71ರಲ್ಲಿ 2.38 ಕೋಟಿ ಟನ್ ಆಯಿತು.

ನಮ್ಮ ಮಟ್ಟಿಗೆ ಇದಕ್ಕಿಂತ ಹತ್ತಿರದ ಕಥೆ ರಾಗಿಯದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ಇಲ್ಲಿಯದರೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಖರೀದಿಯ ಭರವಸೆಯಾಗಲಿ ಕಾಲುವೆ ನೀರಾಗಲಿ ಗೋಧಿಗೆ ಸಿಕ್ಕಷ್ಟು ಇದಕ್ಕೆ ಸಿಗದಿದ್ದರೂ ಮಳೆಯಾಶ್ರಿತ ಹೊಲದಲ್ಲಿ ಎಕರೆ ಇಳುವರಿ ಏರಿತು. ಬೇಳೆಕಾಳಿಗೆ ಇಂತಹ ಅದೃಷ್ಟ ಬರಲಿಲ್ಲ. ಗೋಧಿಯ ಇಳುವರಿ ಏಳು ದಶಕಗಳಲ್ಲಿ ಐದು ಪಟ್ಟಿಗಿಂತ ಹೆಚ್ಚಾಗಿ ಹೆಕ್ಟೇರಿಗೆ 3,500 ಕಿಲೊ ಮುಟ್ಟಿದರೆ, ಬೇಳೆಕಾಳು ಸುಮಾರು 900 ಕಿಲೊದಲ್ಲಿದೆ.

ಎಕರೆಯೇ ಮುಖ್ಯ ಅಳತೆಯಾದದ್ದಕ್ಕೆ ಹಸಿವಿನ ಭಯ ಒಂದು ಕಾರಣವಾದರೆ, 1950ರ ದಶಕದ ಕೃಷಿ ನಿರ್ವಹಣಾ ಸಮೀಕ್ಷೆಗಳು ಇನ್ನೊಂದು. ಸಣ್ಣ ಹಿಡುವಳಿಗಳಲ್ಲಿ ಎಕರೆಗೆ ಬರುವ ಉತ್ಪನ್ನ ದೊಡ್ಡ ಹಿಡುವಳಿಗಳಿಗಿಂತ ಹೆಚ್ಚು ಎಂದು ಅವು ತೋರಿಸಿದವು. 1962ರಲ್ಲಿ ಅಮರ್ತ್ಯ ಸೇನ್ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಓದಲು ತಕ್ಕದ್ದು. ಕೂಲಿ ಕೊಟ್ಟು ದುಡಿಸುವ ದೊಡ್ಡ ಜಮೀನುದಾರ, ಇನ್ನೊಂದು ಆಳಿನಿಂದ ಬರುವ ಹೆಚ್ಚುವರಿ ಬೆಳೆ ಕೂಲಿಗಿಂತ ಕಡಿಮೆಯಾಯಿತೆಂದರೆ ನಿಲ್ಲಿಸುತ್ತಾನೆ. ಸಣ್ಣ ರೈತನ ಮನೆಮಂದಿಗೆ ಬೇರೆಡೆ ಕೆಲಸವಿಲ್ಲದಿರುವುದರಿಂದ, ಒಂದು ಹಿಡಿ ಹೆಚ್ಚು ಬಂದರೂ ಸಾಕೆಂದು ಕಳೆ ತೆಗೆಯುತ್ತಲೇ ಇರುತ್ತಾರೆ. ಇದನ್ನು ಸಣ್ಣ ರೈತನ ದಕ್ಷತೆ ಎಂದು ಓದಿದವರು ಭೂಸುಧಾರಣೆಗೆ ಬಲ ಕಂಡರು, ಅದು ತಪ್ಪೇನಲ್ಲ. ಆದರೆ ಅದೇ ವಾಕ್ಯವನ್ನು ತಿರುಗಿಸಿ ಓದಿದರೆ, ಎಕರೆಯ ಹೆಚ್ಚಳಕ್ಕೆ ಬೆಲೆ ತೆತ್ತದ್ದು ಆ ಮನೆಯವರ ದುಡಿಮೆಯ ದಿನಗಳು.

ಆ ದಿನಗಳನ್ನು ದೇಶದ ಮಟ್ಟದಲ್ಲಿ ಎಣಿಸಿ ನೋಡಬಹುದು. 1951ರ ಜನಗಣತಿಯಲ್ಲಿ ಸಾಗುವಳಿದಾರರು 6.99 ಕೋಟಿ, ಕೃಷಿ ಕೂಲಿಕಾರರು 2.73 ಕೋಟಿ, ಒಟ್ಟು 9.7 ಕೋಟಿ. 2011ರಲ್ಲಿ ಸಾಗುವಳಿದಾರರು 11.88 ಕೋಟಿ, ಕೂಲಿಕಾರರು 14.43 ಕೋಟಿ, ಒಟ್ಟು 26.3 ಕೋಟಿ, ಭೂಮಿಯುಳ್ಳವರಿಗಿಂತ ಕೂಲಿಯವರು ಹೆಚ್ಚಾದದ್ದು ಆ ಗಣತಿಯಲ್ಲಿ. ನೆಲ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ಒಬ್ಬ ದುಡಿಯುವವನ ಪಾಲಿಗೆ ಮೂರು ಎಕರೆ ಇದ್ದದ್ದು ಒಂದೂಕಾಲು ಎಕರೆಯ ಸುಮಾರಿಗೆ ಇಳಿಯಿತು. ಧಾನ್ಯೋತ್ಪಾದನೆ ಅದೇ ಅರವತ್ತು ವರ್ಷಗಳಲ್ಲಿ 24.4 ಕೋಟಿ ಟನ್‌ಗೆ ಏರಿ ಐದು ಪಟ್ಟಿನ ಸಮೀಪ ಬಂದಿತ್ತು. ಭಾಗಿಸಿದರೆ ಆಳೊಬ್ಬನಿಗೆ ವರ್ಷಕ್ಕೆ ಅರ್ಧ ಟನ್ ಇದ್ದದ್ದು ಒಂದು ಟನ್‌ಗಿಂತ ತುಸು ಕಡಿಮೆ ಆಯಿತು, ಎರಡು ಪಟ್ಟೂ ತುಂಬಲಿಲ್ಲ. ಹಸಿರು ಕ್ರಾಂತಿಯನ್ನು ಹೊಗಳುವವರು ಮೊದಲ ಅಂಕಿಯನ್ನು ಹೇಳುತ್ತಾರೆ, ಹಳ್ಳಿಯ ಬಡತನವನ್ನು ಹೇಳುವವರು ಎರಡನೆಯದನ್ನು, ಎರಡೂ ನಿಜ.

ದಕ್ಷಿಣ ಕೊರಿಯಾದಲ್ಲಿ 1960ರ ದಶಕದ ಆರಂಭದಲ್ಲಿ ದುಡಿಯುವವರ ಶೇ 60ಕ್ಕಿಂತ ಹೆಚ್ಚು ಮಂದಿ ಹೊಲದಲ್ಲಿದ್ದರು, ಈಗ ಸುಮಾರು ಶೇ 5. ಕಾರ್ಖಾನೆಗಳು ಅವರನ್ನು ಎಳೆದುಕೊಂಡದ್ದರಿಂದ ಉಳಿದವರ ಪಾಲಿನ ಉತ್ಪನ್ನ ಹಿಗ್ಗಿತು. ಭಾರತದಲ್ಲಿ ಉತ್ಪನ್ನ ಹೊಲದಿಂದ ಹೊರಗೆ ಸರಿಯಿತು, ಜನ ಸರಿಯಲಿಲ್ಲ. ದೇಶದ ಒಟ್ಟು ಮೌಲ್ಯದಲ್ಲಿ ಕೃಷಿಯ ಪಾಲು ಈಗ ಶೇ 18ರ ಆಸುಪಾಸು. ಸರ್ಕಾರದ ಕಾರ್ಮಿಕ ಸಮೀಕ್ಷೆಯಂತೆ, ದುಡಿಯುವವರಲ್ಲಿ 2018-19ರಲ್ಲಿ ಶೇ 42.5ಕ್ಕೆ ಇಳಿದಿದ್ದ ಪಾಲು ಕೋವಿಡ್ ಕಾಲದಲ್ಲಿ ಊರಿಗೆ ಮರಳಿದವರಿಂದ ಏರಿ, 2023-24ರಲ್ಲಿ ಶೇ 46.1ರಲ್ಲಿ ನಿಂತಿತ್ತು. ಈ ಎರಡು ಪಾಲುಗಳಿಂದಲೇ ಕಾಗದದ ಮೇಲೆ ಲೆಕ್ಕ ಹಾಕಿದರೂ, ಕೃಷಿಯಲ್ಲಿರುವವನೊಬ್ಬ ಸೃಷ್ಟಿಸುವ ಮೌಲ್ಯ ಹೊರಗಿರುವವನದರ ಕಾಲುಭಾಗದಷ್ಟು. ಹಳ್ಳಿಯ ದುಡಿಯುವ ಹೆಂಗಸರಲ್ಲಂತೂ ಆ ವರ್ಷ ಶೇ 76.9 ಮಂದಿ ಕೃಷಿಯಲ್ಲಿಯೇ ಇದ್ದರು.

ಇಷ್ಟು ಜನರಿದ್ದೂ ನಾಟಿಗೆ ಆಳು ಸಿಗುವುದಿಲ್ಲ ಎಂಬ ದೂರು ಯಾವ ಊರಿಗೆ ಹೋದರೂ ಕೇಳುತ್ತದಲ್ಲ ಎಂದು ಓದುಗರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಕೃಷಿಗೆ ಆಳು ಬೇಕಾಗುವುದು ವರ್ಷವಿಡೀ ಅಲ್ಲ. ಮಳೆ ಬಿದ್ದ ವಾರ ಎಲ್ಲರಿಗೂ ಒಟ್ಟಿಗೆ ಬೇಕು, ಕೊಯ್ಲಿನ ಹದಿನೈದು ದಿನ ಎಲ್ಲರಿಗೂ ಒಟ್ಟಿಗೆ ಬೇಕು, ಉಳಿದ ತಿಂಗಳು ಯಾರಿಗೂ ಬೇಡ. ಸಮೀಕ್ಷೆಯ ಶೇ 46ರೊಳಗೆ ಆ ಖಾಲಿ ತಿಂಗಳುಗಳೂ ಸೇರಿವೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಿಗೆ ಕೊಯ್ಲಿನ ಯಂತ್ರಗಳು ಹೊರರಾಜ್ಯಗಳಿಂದ ಬಂದು ಕೆಲವೇ ವಾರಗಳಲ್ಲಿ ಕೆಲಸ ಮುಗಿಸಿ ಹೋಗುವುದು ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರ. ಅದರಿಂದ ಗದ್ದೆಯವನ ಕೊರತೆ ನೀಗಿತು, ಕೂಲಿಯವನ ವರ್ಷದ ಅತಿ ಹೆಚ್ಚು ಗಳಿಕೆಯ ದಿನಗಳು ಹೋದವು. ಹಿಡುವಳಿಯೂ ಕಿರಿದಾಗುತ್ತಿದೆ: 1970-71ರಲ್ಲಿ ಸರಾಸರಿ 2.28 ಹೆಕ್ಟೇರ್ ಇದ್ದದ್ದು 2015-16ರಲ್ಲಿ 1.08 ಹೆಕ್ಟೇರ್.

ಮೂರನೆಯ ಭಾಜಕವೊಂದಿದೆ, ಅದು ನೀರು. ಪಂಜಾಬಿನ ಎಕರೆ ಇಳುವರಿ ದೇಶಕ್ಕೆ ಮಾದರಿಯೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದಾಗ ಅಲ್ಲಿ ಅಂತರ್ಜಲ ಮರುಪೂರಣವಾಗುವುದಕ್ಕಿಂತ ಹೆಚ್ಚು ಮೇಲಕ್ಕೆ ಬರುತ್ತಿತ್ತು. 2023ರ ಅಂದಾಜಿನಂತೆ ಅದು ಬಳಕೆಗೆ ಲಭ್ಯವಿರುವುದರ ಶೇ 163ರಷ್ಟು. ಉಚಿತ ವಿದ್ಯುತ್ತಿನಿಂದ ಹೊರಬರುವ ನೀರಿಗೆ ಲೆಕ್ಕವಿಡುವವರಿಲ್ಲ. ಕೋಲಾರದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಯ ಟೊಮೆಟೊವನ್ನೂ ಎಕರೆಗೆ ಇಷ್ಟು ಟನ್ ಎಂದೇ ಬರೆಯುತ್ತೇವೆ. ಆ ಟನ್ನಿಗೆ ಎಷ್ಟು ನೀರು ಹೋಯಿತೆಂದು ಬರೆಯುವ ಕಾಲಂ ಯಾವ ಪಟ್ಟಿಯಲ್ಲಿಯೂ ಇಲ್ಲ.

ಧಾನ್ಯದಿಂದ ಕಣ್ಣು ತೆಗೆದರೆ ಚಿತ್ರ ಸ್ವಲ್ಪ ಬದಲಾಗುತ್ತದೆ, ಇದನ್ನು ಹೇಳದಿದ್ದರೆ ಮೇಲಿನ ಭಾಗಾಕಾರ ಅನ್ಯಾಯವಾಗುತ್ತದೆ. 1950-51ರಲ್ಲಿ 1.7 ಕೋಟಿ ಟನ್ ಇದ್ದ ಹಾಲು 2023-24ರಲ್ಲಿ 23.9 ಕೋಟಿ ಟನ್. ಅದರ ಮೌಲ್ಯ ಭತ್ತ ಮತ್ತು ಗೋಧಿ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು. 2012-13ರಲ್ಲಿ ಹಣ್ಣು ತರಕಾರಿ ಮುಂತಾದ ತೋಟಗಾರಿಕೆ ಬೆಳೆಗಳ ತೂಕ ಆಹಾರಧಾನ್ಯದ ತೂಕವನ್ನು ದಾಟಿತು. 2023-24ರ ಆರ್ಥಿಕ ಸಮೀಕ್ಷೆ ಅದರ ಹಿಂದಿನ ಐದು ವರ್ಷಗಳ ಕೃಷಿ ಬೆಳವಣಿಗೆಯನ್ನು ಸರಾಸರಿ ಶೇ 4.18 ಎಂದು ದಾಖಲಿಸಿದ್ದರ ಹಿಂದೆ ಹಾಲು, ಮೀನು, ಕೋಳಿಗಳ ಪಾಲು ದೊಡ್ಡದು. ಎರಡು ಹಸು ಕಟ್ಟಿಕೊಂಡು ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗೆ ಖಾಲಿ ತಿಂಗಳೆಂಬುದಿಲ್ಲ. ಎಕರೆ ಕಿರಿದಾದಷ್ಟೂ ಜನ ಅತ್ತ ತಿರುಗಿದ್ದು ಆಕಸ್ಮಿಕವಲ್ಲ.

ಬೆಳೆ ಕಟಾವು ಪ್ರಯೋಗಕ್ಕೆ ಹೋಗುವ ಸಿಬ್ಬಂದಿಯ ಕೈಯಲ್ಲಿ ಈಗ ಮೊಬೈಲ್ ಇದೆ. ಚೌಕದ ಅಳತೆ, ಹಸಿ ತೂಕ, ಒಣ ತೂಕ, ಚಿತ್ರ, ಎಲ್ಲವೂ ಸ್ಥಳದಿಂದಲೇ ಮೇಲಕ್ಕೆ ಹೋಗುತ್ತವೆ, ಬೆಳೆ ವಿಮೆಯ ಪರಿಹಾರ ಅದರ ಮೇಲೆ ನಿಲ್ಲುತ್ತದೆ. ಆ ಚೌಕದಲ್ಲಿ ಎಷ್ಟು ಕೈಗಳು ದುಡಿದವು ಎಂಬುದು ಬೇರೆಯೇ ಸಮೀಕ್ಷೆಯ ವಿಷಯ: 1970-71ರಿಂದ ನಡೆಯುತ್ತಿರುವ ಸಾಗುವಳಿ ವೆಚ್ಚದ ಅಧ್ಯಯನ ಮನೆಮಂದಿಯ ದುಡಿಮೆಯ ಗಂಟೆಗಳನ್ನೂ ಬರೆದುಕೊಂಡು, ಅದಕ್ಕೊಂದು ಕೂಲಿಯನ್ನು ಊಹಿಸಿ ವೆಚ್ಚಕ್ಕೆ ಸೇರಿಸುತ್ತದೆ. ಬೆಂಬಲ ಬೆಲೆಯ ಜಗಳಗಳಲ್ಲಿ ಆ ಊಹೆಯ ಕೂಲಿ ಪ್ರತಿ ಹಂಗಾಮಿನಲ್ಲಿಯೂ ಪ್ರಸ್ತಾಪವಾಗುತ್ತದೆ, ಕೃಷಿ ಉತ್ಪಾದನೆಯ ಅಂದಾಜು ಪ್ರಕಟವಾಗುವ ದಿನ ಮಾತ್ರ ಪತ್ರಿಕೆಗಳ ಮುಖಪುಟದಲ್ಲಿ ಬರುವುದು ಟನ್ನುಗಳು.