ಕಡಲ ದಾರಿಗೆ ಪಾಸು ಕೊಡುವವರಾರು?

ಸೌದಿ ಅರೇಬಿಯಾದಿಂದ ಕಚ್ಚಾತೈಲ ತುಂಬಿಕೊಂಡು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತಿದ್ದ 'ಕೆಮ್ ಪ್ಲೂಟೊ' ಹಡಗಿನ ಮೇಲೆ 2023ರ ಡಿಸೆಂಬರ್ 23ರಂದು, ಪೋರಬಂದರಿನಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಎರಗಿತು. ಬೆಂಕಿ ಆರಿತು, ಜೀವಹಾನಿಯಾಗಲಿಲ್ಲ; ಹಡಗು ಕರಾವಳಿ ಕಾವಲು ಪಡೆಯ ಬೆಂಗಾವಲಿನಲ್ಲಿ ಮುಂಬೈ ಸೇರಿತು. ಲೈಬೀರಿಯಾದ ಧ್ವಜ ಹಾರಿಸಿಕೊಂಡು, ಬಹುಪಾಲು ಭಾರತೀಯ ನಾವಿಕರೊಂದಿಗೆ ಸಾಗುತ್ತಿದ್ದ ಈ ಹಡಗನ್ನು ತಡೆಯುವ ಹಕ್ಕು ಆ ನೀರಿನಲ್ಲಿ ಯಾರಿಗೂ ಇರಲಿಲ್ಲ.

ಈ ಹಕ್ಕಿನ ಜಗಳ ನಮ್ಮ ಕರಾವಳಿಗೆ ಹೊಸದಲ್ಲ. ಬಸ್ರೂರು, ಮಂಗಳೂರುಗಳಿಂದ ಅಕ್ಕಿ ಹೊತ್ತ ಹಡಗುಗಳು ಯಾರ ಅಪ್ಪಣೆಯನ್ನೂ ಕೇಳದೆ ಅರಬ್ ತೀರಕ್ಕೆ ಹೋಗಿಬರುತ್ತಿದ್ದ ಕಾಲದಲ್ಲಿ, ಅಂದರೆ 16ನೇ ಶತಮಾನದ ಆರಂಭದಲ್ಲಿ, ಪೋರ್ಚುಗೀಸರು 'ಕರ್ತಾಜ್' ಎಂಬ ಪರವಾನಗಿ ಪತ್ರವನ್ನು ಜಾರಿಗೆ ತಂದರು. ಹಡಗಿನ ಗಾತ್ರವೆಷ್ಟು, ನಾಯಕನಾರು, ಆಯುಧಗಳೆಷ್ಟು, ಹೋಗುವುದೆಲ್ಲಿಗೆ ಎಂಬುದೆಲ್ಲ ಅದರಲ್ಲಿ ಬರೆದಿರಬೇಕಿತ್ತು. ಪತ್ರದ ಶುಲ್ಕ ಅಲ್ಪವೇ. ಆದರೆ ದಾರಿಯಲ್ಲಿ ಪೋರ್ಚುಗೀಸರ ಕೋಟೆಗೆ ಹೋಗಿ ಸುಂಕ ತೆರಬೇಕಿತ್ತು, ಮೆಣಸನ್ನು ಅವರ ಅನುಮತಿಯಿಲ್ಲದೆ ಹೇರುವಂತಿರಲಿಲ್ಲ, ಪತ್ರವಿಲ್ಲದ ಹಡಗು ಸರಕಿನ ಸಮೇತ ಅವರ ವಶವಾಗುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕ ಕಪ್ಪ ನಿರಾಕರಿಸಿದ್ದನ್ನು ನಾವು ಶೌರ್ಯದ ಕಥೆಯಾಗಿಯೇ ಹೇಳುತ್ತೇವೆ. ಅದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತೆಂಬುದನ್ನು ಮರೆಯುತ್ತೇವೆ.

ಇದೇ ಪೋರ್ಚುಗೀಸರ ಏಕಸ್ವಾಮ್ಯದ ವಿರುದ್ಧವೇ ಡಚ್ ನ್ಯಾಯವಾದಿ ಹ್ಯೂಗೊ ಗ್ರೋಷಿಯಸ್ 1609ರಲ್ಲಿ, ಕಡಲು ಯಾರ ಸ್ವತ್ತೂ ಅಲ್ಲ ಎಂದು ವಾದಿಸಿದರು. ಈ ವಾದ ಹುಟ್ಟಿದ್ದು, 1603ರಲ್ಲಿ ಸಿಂಗಪುರದ ಬಳಿ ಡಚ್ಚರು ಹಿಡಿದ ಪೋರ್ಚುಗೀಸ್ ಹಡಗೊಂದರ ಲೂಟಿಯನ್ನು ಸಮರ್ಥಿಸುವ ಅಗತ್ಯದಿಂದ. ಮುಂದೆ ಬಲಿತ ಡಚ್ಚರು ತಾವೂ ಏಷ್ಯಾದ ವರ್ತಕರಿಗೆ ಪಾಸು ಬರೆಯತೊಡಗಿದರೆಂಬುದು ತತ್ತ್ವಕ್ಕೂ ಲಾಭಕ್ಕೂ ಇದ್ದ ನಂಟನ್ನು ತೋರಿಸುತ್ತದೆ.

ತೀರದಿಂದ ಮೂರು ಮೈಲಿಯಷ್ಟೇ ರಾಜ್ಯದ ಒಡೆತನವೆಂಬ ರೂಢಿ ಬಹುಕಾಲ ನಡೆಯಿತು. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ ಅದನ್ನು 12 ನಾಟಿಕಲ್ ಮೈಲಿಗೆ ಏರಿಸಿ, 200 ಮೈಲಿವರೆಗಿನ ಮೀನು ಮತ್ತು ತೈಲವನ್ನು ಆಯಾ ದೇಶಕ್ಕೆ ಬಿಟ್ಟಿತು. ಹಡಗಿನ ದಾರಿಯನ್ನು ಮಾತ್ರ ಬಿಡಲಿಲ್ಲ. ಒಪ್ಪಂದ ಜಾರಿಗೆ ಬಂದದ್ದು 1994ರಲ್ಲಿ, ಭಾರತ ಅನುಮೋದಿಸಿದ್ದು ಮರುವರ್ಷ. ಹಾಗಾಗಿಯೇ ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೇರಿಕೊಂಡು ಮಂಜಿಗಳು (ಸರಕಿನ ದೊಡ್ಡ ದೋಣಿಗಳು) ಹೋಗುವ ಲಕ್ಷದ್ವೀಪದಲ್ಲೇ, ಮಿನಿಕಾಯ್ ದ್ವೀಪವನ್ನು ಅದರ ಉತ್ತರದ ಉಳಿದ ದ್ವೀಪಗಳಿಂದ ಬೇರ್ಪಡಿಸುವ ಒಂಬತ್ತು ಡಿಗ್ರಿ ಕಾಲುವೆಯಲ್ಲಿ, ಕೊಲ್ಲಿಯಿಂದ ಪೂರ್ವಕ್ಕೆ ಹೋಗುವ ವಿದೇಶಿ ಹಡಗುಗಳು ನಮ್ಮನ್ನು ಕೇಳದೆಯೇ ಸಾಗುತ್ತವೆ.

ಹಕ್ಕಿದ್ದರೂ ದಾರಿ ತೆರೆದಿರಬೇಕೆಂದಿಲ್ಲ. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ದಾಳಿ ಆರಂಭಿಸಿದ ಬಳಿಕ ಹಲವು ಕಂಪನಿಗಳು ಸುಯೆಜ್ ದಾರಿ ಬಿಟ್ಟು ಗುಡ್ ಹೋಪ್ ಭೂಶಿರ ಸುತ್ತಿ ಹೋದವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ಯುರೋಪ್ ತಲುಪುವುದು ತಡವಾಯಿತು. ಕೆಂಪು ಸಮುದ್ರಕ್ಕಿಳಿಯುವ ಧೈರ್ಯ ಮಾಡಿದ ಹಡಗುಗಳು, ಕರ್ತಾಜ್‌ನ ಬದಲು, ಯುದ್ಧಭೀತಿ ವಿಮೆಯ ದುಬಾರಿ ಪತ್ರವನ್ನು ಜೊತೆಗಿಟ್ಟುಕೊಂಡು ಹೊರಟವು.